ಅವ್ವನ ಹನ್ನೆರಡು ಸಾಲು

ಗಚ್ಚಿಬೌಲಿಯ ಆ ಮನೆಗೆ ನಾವು ಹೋದಾಗ ಗೋಡೆಗಳಿಗೆ ಇನ್ನೂ ಹಸಿ ಸುಣ್ಣದ ವಾಸನೆಯಿತ್ತು. ಮೂರನೇ ಮಹಡಿ, ಎರಡು ಕೋಣೆ, ನಡುವೆ ಹಾಲು ಅಂತ ಕರೆಯುವ ಒಂದು ಉದ್ದನೆಯ ಜಾಗ. ಅಲ್ಲಿ ಹಾಸಲು ನಮ್ಮ ಹತ್ತಿರ ಇದ್ದದ್ದು ಒಂದೇ ಜಮಖಾನೆ. ಅದು ಹಾಲಿನ ಒಂದು ಮೂಲೆಯಲ್ಲಿ ಬೇರೆಯವರ ಮನೆಗೆ ಬಂದ ನೆಂಟರ ಹಾಗೆ ಮುದುಡಿಕೊಂಡು ಬಿದ್ದಿರುತ್ತಿತ್ತು. ಅಪ್ಪನಿಗೆ ಕಂಪ್ಯೂಟರ್ ಕಂಪನಿಗಳ ದೊಡ್ಡದೊಂದು ಆವರಣದಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅದಕ್ಕೂ ಮುಂಚೆ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಅಲ್ಲಿ ನಮ್ಮದು ಎಂಟು ಬಾಗಿಲಿನ ವಠಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಆ ನಲ್ಲಿಯ ಹತ್ತಿರವೇ ಅವ್ವನ ಜಗಳಗಳೂ ಗೆಳೆತನಗಳೂ ಆಗುತ್ತಿದ್ದವು. ಗಚ್ಚಿಬೌಲಿಯಲ್ಲಿ ನಲ್ಲಿ ಮನೆಯೊಳಗೇ ಬಂದುಬಿಟ್ಟಿತ್ತು, ಹೀಗಾಗಿ ಅವ್ವನಿಗೆ ಇನ್ನೊಬ್ಬರ ಮುಖ ನೋಡುವ ಕಾರಣವೇ ಉಳಿಯಲಿಲ್ಲ. ಬೆಳಿಗ್ಗೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಕ್ಯಾಬುಗಳಲ್ಲಿ ಹೊರಟುಹೋದ ಮೇಲೆ ಇಡೀ ಕಟ್ಟಡದಲ್ಲಿ ಲಿಫ್ಟಿನ ಸದ್ದೊಂದೇ. ಪಕ್ಕದಲ್ಲಿ ಕಟ್ಟುತ್ತಿದ್ದ ಇನ್ನೊಂದು ಕಟ್ಟಡದ ಧೂಳು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿತ್ತು. ಅವ್ವ ಅದನ್ನು ಒರೆಸುವಳು, ಅದು ಮತ್ತೆ ಕೂರುವುದು. ಒಂದು ದಿನ ಅವಳು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಧೂಳಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದದ್ದನ್ನು ನಾನು ನೋಡಿದೆ. ಮಾಬೂಬಿ, ಕನ್ನಡದಲ್ಲಿ. ಅವಳಿಗೆ ಬರುತ್ತಿದ್ದ ಲಿಪಿ ಅದೊಂದೇ.

ನಾವು ಸಿಂಧನೂರಿನ ಕಡೆಯ ನದಾಫರು, ಹತ್ತಿ ಹಿಂಜುವವರು. ನಮ್ಮ ಮನೆಯ ಮಾತು ಕನ್ನಡ. ಹೈದರಾಬಾದಿನಲ್ಲಿ ಇದನ್ನು ಅರ್ಥಮಾಡಿಸುವುದೇ ಒಂದು ಕೆಲಸ. ನಾಚಾರಂನ ವಠಾರದಲ್ಲಿ ನನ್ನ ಓರಗೆಯ ಹುಡುಗಿಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು:

"ಕ್ಯಾ ಜೀ, ಮುಸಲ್ಮಾನಾಂ ಹೋಕೇ ಅಮ್ಮೀ ಕೂ ಅವ್ವಾ ಬೋಲ್ತೇ?"

ಮುಸಲ್ಮಾನರಾಗಿ ಅಮ್ಮೀ ಅನ್ನದೆ ಅವ್ವ ಅನ್ನುತ್ತೀರಾ ಅಂತ. ನನಗೆ ಅಳು ಬರುತ್ತಿತ್ತು. ಅವ್ವ ಮಾತ್ರ ಬಟ್ಟೆ ಹಿಂಡುತ್ತಾ, "ಅವ್ವಾ ಅಂದರೂ ಬರ್ತೀನಿ, ಅಮ್ಮೀ ಅಂದರೂ ಬರ್ತೀನಿ, ಹೊಟ್ಟಿ ಹಸದಾಗ ಕರೀರಿ ಸಾಕು" ಅನ್ನುವಳು. ಆದರೆ ಅದು ಅವಳಿಗೆ ತಾಕದೆ ಇರುತ್ತಿರಲಿಲ್ಲ. ಅವಳಿಗೆ ಕುರಾನು ಓದಲು ಬರುತ್ತಿರಲಿಲ್ಲ. ಊರಿನಲ್ಲಿ ಅವಳ ಅವ್ವ ರೊಟ್ಟಿ ಬಡಿಯುತ್ತಾ ಬಾಯಿಂದ ಬಾಯಿಗೆ ಕಲಿಸಿದ್ದ ನಾಲ್ಕು ಚಿಕ್ಕ ಅಧ್ಯಾಯಗಳು, ನಾಲ್ಕು ಸೂರಾಗಳೇ ಅವಳ ಆಸ್ತಿ. ಐದು ಹೊತ್ತಿನ ನಮಾಜಿಗೂ ಅವನ್ನೇ ಒಂದಾದ ಮೇಲೊಂದು ಪಿಸುಗುಡುವಳು. ಕಿವಿಯಿಂದ ಕಲಿತದ್ದಾದ್ದರಿಂದ ತನ್ನ ದನಿ ತನಗೆ ಕೇಳಿಸದಿದ್ದರೆ ಅವಳಿಗೆ ದಾರಿ ತಪ್ಪುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ನನಗೂ ಆ ಪಿಸುದನಿ ಕೇಳಿಸುತ್ತಿತ್ತು. ವಠಾರದ ಹೆಂಗಸರು ಹಬ್ಬದಲ್ಲಿ ಸಾಲಾಗಿ ಕೂತು ಓದುವಾಗ ಅವ್ವ ಅಡುಗೆಮನೆಯ ಕೆಲಸ ಹುಡುಕಿಕೊಂಡು ಹೋಗುವಳು.

ಅದಕ್ಕೇ ನನ್ನನ್ನು ನಸೀಮ್ ಆಪಾ ಹತ್ತಿರ ಹಾಕಿದ್ದಳು. ಆಪಾ ವಠಾರದ ಎದುರಿನ ಮನೆಯ ವರಾಂಡದಲ್ಲಿ ಮಕ್ಕಳಿಗೆ ಅರಬ್ಬಿ ಕಲಿಸುತ್ತಿದ್ದ ವಿಧವೆ. ಕುರಾನಿನ ಮೂವತ್ತು ಭಾಗಗಳನ್ನು ಮಕ್ಕಳಿಗೆಂದು ಮೂವತ್ತು ತೆಳು ಪುಸ್ತಿಕೆಗಳಾಗಿ ಹೊಲಿದಿರುತ್ತಾರೆ, ಒಂದೊಂದಕ್ಕೆ ಸಿಪಾರಾ ಅನ್ನುತ್ತಾರೆ. ಆಪಾ ಹತ್ತಿರ ನನ್ನವು ಎಂಟು ಮುಗಿದಿದ್ದವು, ಅಷ್ಟರಲ್ಲಿ ಮನೆ ಬದಲಾಯಿತು. ಗಚ್ಚಿಬೌಲಿಯಲ್ಲಿ ಕಲಿಸುವವರು ಯಾರಿದ್ದಾರೆ ಅಂತ ಅಪ್ಪ ಒಂದೆರಡು ವಾರ ವಿಚಾರಿಸಿದ, ಆಮೇಲೆ ಡ್ಯೂಟಿಯ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟ. ನನ್ನ ಕಾನ್ವೆಂಟಿಗೆ ಬೇಸಿಗೆ ರಜೆ ಕೊಟ್ಟ ಮರುದಿನ ಅವ್ವ ನನ್ನನ್ನು ಜಮಖಾನೆಯ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿದಳು:

"ಪರ್ವೀ, ಅಕ್ಷರ ನಿನಗ ಗೊತ್ತದಾವ. ಇನ್ನ ಓದೂದು ನಿಂದು, ಕೇಳೂದು ನಂದು. ಸಾಲಿ ತೆರಿಯೂದ್ರಾಗ ಹದಿನೈದು ಸಿಪಾರಾ ಆಗಬೇಕು. ಅರ್ಧಾ ಕುರಾನ. ಆಮ್ಯಾಲ ನಾಚಾರಂಗೆ ಹೋಗಿ ಆಪಾನ ಮುಂದ ಓದಿ ತೋರಿಸಬೇಕು. ಆ ವಠಾರದ ಮಂದಿ ಎಲ್ಲಾ ಕೇಳಬೇಕು."

"ಆಪಾ ಇಲ್ಲದ ತಪ್ಪಾದರ?"

"ನಾ ಇಲ್ಲೇನು?"

ಇದನ್ನು ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಅವಳಿಗೆ ಅರಬ್ಬಿಯ ಒಂದಕ್ಷರವೂ ಬರುವುದಿಲ್ಲ ಎಂಬುದು ನನಗೆ ಆ ಗಳಿಗೆಯಲ್ಲಿ ಮರೆತೇಹೋಯಿತು.

ನಮ್ಮ ರಜೆಗೆ ಒಂದು ಕಟ್ಟುನಿಟ್ಟು ಬಂತು. ಬೆಳಿಗ್ಗೆ ಎದ್ದು ಮುಖ ಕೈಕಾಲು ತೊಳೆದು ವಜೂ ಮಾಡಿ ಸಿಪಾರಾ. ಆಮೇಲೆ ಚಹಾದಲ್ಲಿ ಅದ್ದಿದ ಬನ್ನು. ಹತ್ತು ಗಂಟೆಗೆ ಸಿಸ್ಟರುಗಳು ಕೊಟ್ಟಿದ್ದ ರಜೆಯ ಹೋಮ್‌ವರ್ಕ್: ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಬರಹ, ಹನ್ನೆರಡರ ತನಕ ಮಗ್ಗಿ, ಎಲೆಗಳನ್ನು ಒಣಗಿಸಿ ಅಂಟಿಸುವ ಒಂದು ಆಲ್ಬಂ. ಆ ಕಟ್ಟಡದ ಸುತ್ತ ಎಲೆಯೇ ಇರಲಿಲ್ಲ. ಅವ್ವ ತರಕಾರಿಯವನ ಹತ್ತಿರ ಪುಂಡಿ, ಮೆಂತ್ಯ, ನುಗ್ಗೆ, ಕರಿಬೇವು ಅಂತ ಒಂದೊಂದು ಎಲೆ ಬೇಡಿ ತಂದಳು. ನನ್ನ ಆಲ್ಬಂನಲ್ಲಿದ್ದದ್ದೆಲ್ಲ ತಿನ್ನುವ ಎಲೆಗಳೇ. ಇಂಗ್ಲಿಷ್ ಪುಟಗಳನ್ನು ಅವಳು ದೂರ ಹಿಡಿದು ಪರೀಕ್ಷಿಸುವಳು, ಅಂಚಿನ ಕೆಂಪು ಗೆರೆಯನ್ನು ಅಕ್ಷರ ದಾಟಿಲ್ಲ ಅಂದರೆ ಪಾಸು. ಮಧ್ಯಾಹ್ನ ಊಟವಾದ ಮೇಲೆ ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದಿಸುವಳು. ಸಾಲೆಯಲ್ಲಿ ಯಾರೂ ಕೇಳದ ಆ ಪಾಠ ಯಾಕೆ ಅಂದರೆ, "ನನಗ ಬರೂದು ಇದೊಂದ, ಇದನ್ನರ ಕೊಡ್ತೀನಿ" ಅಂದಳು. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ ಮಧ್ಯಾಹ್ನಗಳ ದೆಸೆಯಿಂದ.

ಆದರೆ ದಿನವೆಂಬುದು ಬಹಳ ಉದ್ದವಿತ್ತು. ಎಲ್ಲ ಮುಗಿದ ಮೇಲೂ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಆಡಲು ಮಕ್ಕಳಿರಲಿಲ್ಲ. ಇದ್ದ ಇಬ್ಬರು ಮೂವರು ಈಜು, ಚಿತ್ರಕಲೆ ಅಂತ ಬೇಸಿಗೆ ಶಿಬಿರಗಳಿಗೆ ವ್ಯಾನಿನಲ್ಲಿ ಹೋಗುತ್ತಿದ್ದರು. ನನ್ನ ಹಿಂದೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲ, ಹಾಗಾಗಿ ಮನೆಯಲ್ಲಿ ನಾನೊಬ್ಬಳೇ. ನಾನು ಬಾಗಿಲಿನ ಗಾಜುಕಣ್ಣಿಗೆ ಸ್ಟೂಲು ಹಾಕಿ ನಿಂತು ಹೊರಗೆ ನೋಡುವ ಆಟ ಕಂಡುಕೊಂಡೆ. ಎದುರು ಮನೆಯ ಬಾಗಿಲು ಅದರಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಕಾಣುತ್ತಿತ್ತು. ಅಪ್ಪ ಬರುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಒಂಬತ್ತನೇ ಸಿಪಾರಾದ ಮೊದಲ ಪುಟವನ್ನು ನಾನು ಕಷ್ಟಪಟ್ಟು ಕೂಡಿಸಿ ಕೂಡಿಸಿ ಎರಡು ದಿನದಲ್ಲಿ ಓದಿದೆ. ಪುಟಕ್ಕೆ ಹದಿಮೂರು ಸಾಲು. ಏಳು ಸಾಲು ಚೆನ್ನಾಗಿ ಬಂತು. ಎಂಟನೆಯದರಲ್ಲಿ ಅಗ್ಗದ ಅಚ್ಚಿನ ಶಾಯಿ ಹರಡಿ, ಅಕ್ಷರದ ಮೇಲೆ ಕೆಳಗೆ ಇರಬೇಕಾದ ಸ್ವರದ ಗೀಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಇರುವೆ ಸಾಲಿನ ಹಾಗೆ ಆಗಿತ್ತು. ಆಪಾ ಇದ್ದಿದ್ದರೆ ಹೇಳಿಕೊಡುತ್ತಿದ್ದಳು. ನಾನು ಅವ್ವನ ಮುಖ ನೋಡಿದೆ. ಅವಳು ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ಕಾಯುತ್ತಿದ್ದಳು. ನಾನು ಆ ಸಾಲನ್ನು ಹಾರಿ ಒಂಬತ್ತನೆಯದಕ್ಕೆ ಹೋದೆ. ಏನೂ ಆಗಲಿಲ್ಲ. ಮುಗಿದ ಮೇಲೆ ಅವ್ವ ಕಣ್ಣು ತೆರೆದು, "ಮಾಷಾ ಅಲ್ಲಾ, ಹಾಲ ಕುಡದಂಗ ಆತು ನೋಡವಾ" ಅಂದಳು.

ಮುಂದಿನ ಪುಟ ಇನ್ನೂ ಗಟ್ಟಿ. ನಾನು ಪ್ರತಿ ಅಕ್ಷರಕ್ಕೂ ಎಡವಿದೆ. ಅವ್ವನ ಹುಬ್ಬುಗಳು ಮೆಲ್ಲಗೆ ಹತ್ತಿರವಾಗುತ್ತಾ ಬಂದವು, ಕೈಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತತೊಡಗಿದವು. ಆ ಬೆರಳುಗಳನ್ನು ನೋಡಲಾರದೆ ನಾನು ಏನು ಮಾಡಿದೆನೆಂದರೆ, ಮರುದಿನ ಹೊಸ ಪುಟದ ಮೇಲೆ ಬೆರಳು ಓಡಿಸುತ್ತಾ ಬಾಯಲ್ಲಿ ಹಳೆಯ ಪುಟವನ್ನೇ ಹೇಳಿದೆ. ಆ ಹೊತ್ತಿಗೆ ಅದು ನನಗೆ ಬಾಯಿಪಾಠವಾಗಿತ್ತು. ಸುರುಳಿ ಬಿಚ್ಚಿಕೊಂಡಿತು. ಅದರ ಮರುದಿನವೂ ಅದನ್ನೇ ಮಾಡಿದೆ. ಬೆರಳು ಪುಟದಿಂದ ಪುಟಕ್ಕೆ ಹೋಗುತ್ತಿತ್ತು, ಸಿಪಾರಾ ಒಂಬತ್ತು ಮುಗಿದು ಹತ್ತಾಯಿತು, ಹತ್ತು ಹನ್ನೊಂದಾಯಿತು. ಬಾಯಿ ಮಾತ್ರ ಆ ಹನ್ನೆರಡು ಸಾಲಿನಲ್ಲೇ ಇತ್ತು. ಒಂಬತ್ತು ವರ್ಷದ ಹುಡುಗಿಗೆ ಅದು ಎಂಥ ಪಾಪ ಅಂತ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಓದುವ ಮುಂಚೆ ವಜೂ ಮಾಡುವಾಗ ನಾನು ಬಾಯಿಯನ್ನು ಮೂರರ ಬದಲು ಆರು ಸಲ ತೊಳೆಯುತ್ತಿದ್ದೆ.

ಅವ್ವ ಮಾತ್ರ ದಿನದಿನಕ್ಕೆ ಹೆಚ್ಚು ಖುಷಿಯಲ್ಲಿದ್ದಳು. "ಮೆಲ್ಲಗ ಓದು, ಗಡಬಡ ಮಾಡಬ್ಯಾಡ" ಅನ್ನುವಳು. ಓದು ಮುಗಿದದ್ದೇ ತಡ, "ತಡಿ, ಹಾಲು ಉಕ್ಕತೈತಿ" ಅಂತ ಅಡುಗೆಮನೆಗೆ ಓಡುವಳು. ಒಂದು ಸಲ ಹಿಂದೆಯೇ ಹೋಗಿ ನೋಡಿದರೆ ಒಲೆಯ ಮೇಲೆ ಹಾಲೂ ಇಲ್ಲ, ಒಲೆ ಹೊತ್ತಿಸಿಯೂ ಇಲ್ಲ. ಅವಳು ನನಗೆ ಬೆನ್ನು ಮಾಡಿ ಕಟ್ಟೆಯ ಹತ್ತಿರ ನಿಂತಿದ್ದಳು. "ಏನವಾ?" ಅಂದಳು, ತಿರುಗದೆ. "ಏನಿಲ್ಲ" ಅಂದು ನಾನು ಬಂದುಬಿಟ್ಟೆ. ತಪ್ಪು ಮಾಡಿದವರು ಇನ್ನೊಬ್ಬರನ್ನು ಹೆಚ್ಚು ಕೇಳುವುದಿಲ್ಲ.

ಎದುರು ಮನೆಯ ಸುಮನಾ ಮೈಸೂರಿನವಳು, ಯಾವುದೋ ಕಂಪನಿಯಲ್ಲಿ ಶಿಫ್ಟಿನ ಕೆಲಸ. ನಾವು ಬೆಳಿಗ್ಗೆ ಏಳುವಾಗ ಅವಳು ಮಲಗಲು ಬರುತ್ತಿದ್ದಳು. ಒಂದು ದಿನ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದವಳು ಬಾಗಿಲಲ್ಲೇ ನಿಂತು ನಕ್ಕಳು.

"ಆಂಟಿ, ನಿಮ್ಮ ಪುಟ್ಟಿ ಬೆಳಗ್ಗೆ ಓದೋದು ನಮ್ಮ ರೂಮಿಗೆ ಕೇಳ್ಸತ್ತೆ. ದಿನಾ ಅದೇ ಧಾಟಿ, ನಂಗೂ ಬಾಯಿಗೆ ಬರ್ತಿದೆ ನೋಡಿ!"

ನಾನು ಅವ್ವನ ಕಡೆ ನೋಡಿದೆ. ಅವ್ವ ಮೊಸರಿನ ಬಟ್ಟಲಿನ ಮೇಲೆ ಬಗ್ಗಿದ್ದಳು.

"ಹಂಗ ಇರತೈತ್ರಿ ಅದು," ಅಂದಳು. "ಕೇಳಾವ್ರಿಗೆ ಎಲ್ಲಾ ಒಂದ ಥರಾ ಕೇಳತೈತಿ."

"ಹೌದಾ? ಸಾರಿ ಆಂಟಿ, ನಂಗೇನೂ ಗೊತ್ತಾಗಲ್ಲ."

"ಗೊತ್ತಾಗದಿದ್ದರೂ ಕೇಳತೀರಲ್ಲ, ಸಾಕ್ರಿ. ಬರ್ರಿ ಒಳಗ, ಚಾ ಮಾಡ್ತೀನಿ."

ಸುಮನಾ ಕಣ್ಣುಜ್ಜಿಕೊಳ್ಳುತ್ತಾ, ನಿದ್ದೆ ಬರ್ತಿದೆ, ಇನ್ನೊಂದಿನ ಬರ್ತೀನಿ ಅಂದಳು. ಅವ್ವ ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಆ ಬೇಸಿಗೆಯಲ್ಲಿ ಅವಳು ಚಹಾಕ್ಕೆ ಕರೆದ ಒಬ್ಬಳೇ ಒಬ್ಬಳು ಆಕೆ.

ರಜೆ ಮುಗಿಯಲು ಹತ್ತು ದಿನವಿರಬೇಕು. ಮಧ್ಯಾಹ್ನದ ನಮಾಜಿಗೆ ಅವ್ವ ನಮಾಜಿನ ಚಾಪೆ, ಜಾನಮಾಜು, ಹಾಸಿದ್ದಳು. ನಾನು ಹಿಂದೆ ಜಮಖಾನೆಯ ಮೇಲೆ ಬೋರಲು ಮಲಗಿ ನುಗ್ಗೆಯ ಎಲೆಗಳನ್ನು ಅಂಟಿಸುತ್ತಿದ್ದೆ. ಅವಳ ಪಿಸುದನಿ ಶುರುವಾಯಿತು. ಮೊದಲು ಎಲ್ಲರೂ ಹೇಳುವ ಆರಂಭದ ಸೂರಾ. ಆಮೇಲೆ ನಾನು ಆ ನಾಲ್ಕರಲ್ಲಿ ಒಂದನ್ನು ಕಾಯುತ್ತಿದ್ದೆ. ಬಂದದ್ದು ನನ್ನ ಪುಟ. ನನ್ನದೇ ಏರಿಳಿತ, ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಅವಳ ಉಸಿರು. ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಆರನೇ ಸಾಲು, ಏಳನೇ ಸಾಲು. ಆಮೇಲೆ ಅವಳು ನನ್ನ ಹಾಗೆಯೇ ಹಾರಿದಳು. ಏನೂ ಗೊತ್ತಿಲ್ಲದೆ, ಸರಾಗವಾಗಿ, ಒಂಬತ್ತಕ್ಕೆ. ನನ್ನ ಬೆರಳಿಗೆ ಅಂಟು ಒಣಗುತ್ತಿತ್ತು. ಅವಳು ಹಣೆಯನ್ನು ನೆಲಕ್ಕೆ ಹಚ್ಚಿದಾಗ ಅವಳ ಹಿಮ್ಮಡಿಯ ಬಿರುಕುಗಳು ನನ್ನ ಕಣ್ಣೆದುರಿಗೇ ಇದ್ದವು. ನಾನು ಸುಳ್ಳು ಹೇಳಿದ್ದು ಅವ್ವನಿಗೆ ಅಂದುಕೊಂಡಿದ್ದೆ. ಈಗ ಅವ್ವನ ಬಾಯಿಂದ ಅದು ಎಲ್ಲಿಗೆ ಹೋಗುತ್ತಿತ್ತು!

ಮರುದಿನ ಬೆಳಿಗ್ಗೆ ಒಂಬತ್ತನೇ ಸಿಪಾರಾವನ್ನೇ ಕದ್ದು ತೆಗೆದು ಆ ಎಂಟನೇ ಸಾಲನ್ನು ಓದಲು ನೋಡಿದೆ. ಬರಲಿಲ್ಲ. ತಪ್ಪಾಗಿ ಓದಿ ಅವ್ವನಿಗೆ ಇನ್ನೊಂದು ತಪ್ಪು ಕಲಿಸಿಬಿಟ್ಟರೆ ಅಂತ ಹೆದರಿ ಮುಚ್ಚಿಟ್ಟೆ. ಹೇಳಿದರೆ ನನ್ನ ಮೋಸ ಬಯಲಾಗುತ್ತದೆ, ಹೇಳದಿದ್ದರೆ ಅವಳು ಐದು ಹೊತ್ತೂ ಅದನ್ನೇ ಹೇಳುತ್ತಾಳೆ. ಹೇಳುತ್ತಲೂ ಇದ್ದಳು. ಹಳೆಯ ನಾಲ್ಕನ್ನು ಮರೆತೇಬಿಟ್ಟವಳ ಹಾಗೆ ಪ್ರತಿ ನಮಾಜಿಗೂ ಹೊಸ ಸೀರೆಯ ಹಾಗೆ ಇದನ್ನೇ ಉಡುತ್ತಿದ್ದಳು. ಅಜಾನಿನ ದನಿ ದೂರದಿಂದ ಬಂದರೆ ನಾನು ಬಾಲ್ಕನಿಗೆ ಹೋಗಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಅಪ್ಪನಿಗೆ ಹೇಳೋಣವೆಂದು ಒಂದು ಭಾನುವಾರ ಅವನ ಪಕ್ಕ ಹೋಗಿ ಕೂತೆ. ಅವನು ನನ್ನ ತಲೆ ಸವರಿ, "ನಿಮ್ಮವ್ವ ಈಗೀಗ ನಗಾಕತ್ಯಾಳ ನೋಡು, ನಿನ್ನ ಓದಿನಿಂದ" ಅಂದ. ಎದ್ದು ಬಂದೆ.

ಸಾಲೆ ತೆರೆಯುವ ಮುಂಚಿನ ಶುಕ್ರವಾರ ನಾವಿಬ್ಬರೂ ನಾಚಾರಂಗೆ ಹೊರಟೆವು. ಅವ್ವ ಟ್ರಂಕಿನ ತಳದಲ್ಲಿದ್ದ ಹಸಿರು ಸೀರೆ ಉಟ್ಟಿದ್ದಳು. ಆಪಾಗೆಂದು ಮಾಲ್ದಿ ಮಾಡಿ ಡಬ್ಬಿಗೆ ತುಂಬಿದ್ದಳು. ಬೆಲ್ಲ, ಚಪಾತಿಯ ಪುಡಿ, ತುಪ್ಪದ ಆ ವಾಸನೆ ಬಸ್ಸಿನ ಡೀಸೆಲ್ ವಾಸನೆಯನ್ನೂ ಮೀರುತ್ತಿತ್ತು. ಸಿಕಂದರಾಬಾದು ದಾಟಿದ ಮೇಲೆ ಅವಳು ಚೀಲದಿಂದ ನನ್ನ ಹಳೆಯದೊಂದು ಗಣಿತದ ನೋಟುಬುಕ್ಕು ತೆಗೆದಳು. ಅದರ ಕೊನೆಯ ಹಾಳೆಯಲ್ಲಿ ಅವಳ ಗುಂಡನೆಯ ಕನ್ನಡ ಅಕ್ಷರಗಳಲ್ಲಿ ಅರಬ್ಬಿ ಇತ್ತು. ಒಂದರ ಕೆಳಗೊಂದು, ಹನ್ನೆರಡು ಸಾಲು. ದಿನಾ ನಾನು ಓದಿದ್ದು ಕಿವಿಯಿಂದ ಆರುವ ಮುಂಚೆ ಅಡುಗೆಮನೆಗೆ ಓಡಿಹೋಗಿ ದಿನಕ್ಕಿಷ್ಟು ಅಂತ ಬರೆದಿದ್ದಳು. ಅರಿಶಿನದ ಬೆರಳಚ್ಚುಗಳು ಹಾಗೇ ಇದ್ದವು.

"ನೀ ಓದಿದ ಮ್ಯಾಲ ನಾನೂ ಆಪಾನ ಮುಂದ ಒಪ್ಪಿಸ್ತೀನಿ," ಅಂದಳು. ಕೆನ್ನೆ ಕೆಂಪಾಗಿತ್ತು. "ಎಲ್ಲಾರೂ ಇರ್ತಾರಲ್ಲ ಇವತ್ತ."

"ಅವ್ವಾ, ಅದರಾಗ ಒಂದು ಸಾಲು ಇಲ್ಲ."

"ಎದರಾಗ?"

"ಇದರಾಗ. ಏಳನೇದು ಆದಮ್ಯಾಲ. ನನಗ ಓದಾಕ ಬರಲಿಲ್ಲ. ನಾನ ಬಿಟ್ಟೆ."

ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಅವ್ವನ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಚಲಿಸುತ್ತಿತ್ತು. ಎಷ್ಟು ನಮಾಜು ಅಂತ ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಎರಡನೇ ಕೈಗೆ ಬಂದು ಬಿಟ್ಟುಬಿಟ್ಟಳು. ಒಂದು ಏಟಾದರೂ ಬೀಳಲಿ ಎಂದು ನಾನು ಬೆನ್ನು ಬಗ್ಗಿಸಿ ಕೂತಿದ್ದೆ.

"ಉಳಿದದ್ದೂ ಓದಿಲ್ಲ," ಅಂದೆ. "ಹತ್ತು, ಹನ್ನೊಂದು, ಯಾವೂ ಓದಿಲ್ಲ. ಇದ ಒಂದ ಪುಟ."

"ಅದು ನನಗ ಗೊತ್ತೈತಿ."

ನಾನು ತಲೆಯೆತ್ತಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಕಣ್ಣಿಲ್ಲದಾಕಿಗೆ ಕಿವಿನರ ಇರತೈತಲ್ಲ ಪರ್ವೀ. ಮೂರನೇ ದಿನಾನ ಗೊತ್ತಾತು. ಬೈಯಬೇಕಿತ್ತು. ಇನ್ನೊಂದಿನ ಓದ್ಲಿ, ಇನ್ನೊಂದು ಸಾಲು ನನಗ ಬರ್ಲಿ, ಅಂತ ಬಾಯಿ ಮುಚ್ಚಿಕೊಂಡೆ. ನಿನ್ನ ರಜಾ ಎಲ್ಲಾ ನಾ ತಿಂದೆ."

ನಾವು ವರಾಂಡ ಮುಟ್ಟಿದಾಗ ಹತ್ತು ಹನ್ನೆರಡು ಮಕ್ಕಳು ತೂಗಾಡುತ್ತಾ ಓದುತ್ತಿದ್ದರು. ವಠಾರದ ಇಬ್ಬರು ಮೂವರು ಹೆಂಗಸರೂ ಬಂದು ಕೂತಿದ್ದರು. ಅವ್ವ ಅಪ್ಪನ ಕೈಲಿ ಮೊದಲೇ ಫೋನು ಮಾಡಿಸಿದ್ದಳು. ಆಪಾ ಕನ್ನಡಕ ಏರಿಸಿ ಕೇಳಿದಳು:

"ಆಓ ಬೀ. ಕಿತ್ತೇ ಹುವೇ?"

ಎಷ್ಟಾಯಿತು? ನಾನು ಅವ್ವನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ, ಅಡುಗೆಮನೆಯ ಕಡೆಗೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಬಂದು ಮಕ್ಕಳ ಚಾಪೆಯ ಮೇಲೆ, ಮೂಗು ಸುರಿಸುತ್ತಿದ್ದ ಒಂದು ಪುಟ್ಟ ಹುಡುಗಿಯ ಪಕ್ಕ ಕೂತು, ತನ್ನ ಹರಕು ಉರ್ದುವಿನಲ್ಲಿ ಹೇಳಿದಳು:

"ಏಕ್ ಪನ್ನಾ, ಆಪಾ. ಇಸ್ಕಾ ಬೀ ಏಕ್, ಮೇರಾ ಬೀ ಏಕ್. ಉಸ್ಮೇ ಬೀ ಏಕ್ ಲೈನ್ ನೈ."

ಒಂದೇ ಪುಟ, ಇವಳದೂ ಒಂದು, ನನ್ನದೂ ಒಂದು, ಅದರಲ್ಲೂ ಒಂದು ಸಾಲಿಲ್ಲ ಅಂತ. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಆಪಾ ನಗಲಿಲ್ಲ. ನೋಟುಬುಕ್ಕನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು, ನಮ್ಮ ಅಕ್ಷರ ಅವಳಿಗೆ ಅರ್ಥವಾಗುವಂತಿರಲಿಲ್ಲ. ಅವ್ವನ ಕೈಯಲ್ಲಿ ಓದಿಸಿ ಕೇಳಿದಳು. ಏಳನೇ ಸಾಲಾದ ಮೇಲೆ ಕೈ ಅಡ್ಡ ಹಿಡಿದು, ಆ ಎಂಟನೆಯದನ್ನು ತನ್ನ ದನಿಯಲ್ಲಿ ಹೇಳಿದಳು. ಅದು ಎಷ್ಟು ಚಿಕ್ಕದಿತ್ತು! ಒಂದೇ ಉಸಿರಿನದು. ಅವ್ವ ಅದನ್ನು ಎರಡು ಸಾಲಿನ ನಡುವೆ ಇರುಕಿಸಲು ಪೆನ್ನು ತೆಗೆದಳು. ಇದರಲ್ಲಿ ಬೇಡ ಅಂತ ಆಪಾ ನೋಟುಬುಕ್ಕಿನ ಮೇಲೆ ಕೈಯಿಟ್ಟು, ಅವ್ವನ ವಯಸ್ಸು ಕೇಳಿದಳು.

"ಇಸ್ಮೇ ನಕ್ಕೋ. ಉಮರ್ ಕಿತ್ತೀ ತುಮ್ಹಾರೀ?"

"ಇಪ್ಪತ್ತೊಂಬತ್ತು," ಅಂದಳು ಅವ್ವ, ಗಾಬರಿಯಲ್ಲಿ ಕನ್ನಡದಲ್ಲೇ.

ನಾನು ಅದನ್ನು ಬೆರಳುಗಳಲ್ಲಿ ಎಣಿಸಿ ಆಪಾಗೆ ತೋರಿಸಿದೆ. ಆಪಾ, ಬರೀ ಅಷ್ಟೇನಾ ಎನ್ನುವ ಹಾಗೆ ಹುಬ್ಬು ಹಾರಿಸಿ, ಒಳಗಿನಿಂದ ಅಕ್ಷರ ಕಲಿಯುವ ಮಕ್ಕಳ ಪುಸ್ತಕ, ಖಾಯಿದಾ, ತಂದು ಅವ್ವನ ಮಡಿಲಿಗೆ ಹಾಕಿದಳು. ಆದ ನಮಾಜುಗಳ ಗತಿ ಏನು ಎಂದು ಅವ್ವ ಕೇಳಿದ್ದಕ್ಕೆ, "ಕಬೂಲ್ ಹೋಗೈ ಸೋ ಹೋಗೈ, ಗಿನ್ನೇಕೋ ತುಮ್ ಕೌನ್?" ಅಂದಳು. ಸ್ವೀಕಾರವಾದದ್ದು ಆಯಿತು, ಎಣಿಸಲು ನೀನು ಯಾರು ಅಂತ. ಆಪಾ ವಯಸ್ಸು ಕೇಳಿದ ಆ ದಿನದ ತನಕ ಅವ್ವನಿಗೆ ಒಂದು ವಯಸ್ಸಿದೆ ಎಂದೇ ನಾನು ಯೋಚಿಸಿರಲಿಲ್ಲ. ಈಗ ನಾನು ಆವತ್ತಿನ ಅವ್ವನಿಗಿಂತ ದೊಡ್ಡವಳು. ನನ್ನ ಮಕ್ಕಳಿಗೆ ರಜೆಯಲ್ಲಿ ಪರದೆಯ ಮೇಲೆ ಒಬ್ಬ ಟೀಚರಮ್ಮ ಬಂದು ಓದಿಸುತ್ತಾಳೆ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತೇನೆ, ಒಂದೇ ಪುಟ ಎರಡು ದಿನ ಬಂದರೆ ನನಗೂ ತಿಳಿಯುತ್ತದೆ.

ಸಾಲೆ ತೆರೆಯಿತು. ಮೊದಲ ದಿನ ಮಧ್ಯಾಹ್ನ ಬಸ್ಸು ಇಳಿದು ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದೆ. ಯಾವಾಗಲೂ ನನ್ನ ಹೆಜ್ಜೆಯ ಸದ್ದಿಗೇ ತೆರೆದಿರುತ್ತಿದ್ದ ಬಾಗಿಲು ಅವತ್ತು ತೆರೆಯಲಿಲ್ಲ. ಒಳಗಿನಿಂದ ಅವ್ವನ ದನಿ ಬರುತ್ತಿತ್ತು. ಪಿಸುದನಿಯಲ್ಲ, ಗಟ್ಟಿಯಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾ, ತಪ್ಪಿ, ಮತ್ತೆ ಮೊದಲಿನಿಂದ. ಎಂಥದೋ ಒಂದು ಗಂಟು ಅವಳಿಗೆ ಬಿಡಿಸಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಬಾಗಿಲ ಸಂದಿಯಿಂದ ಹೇಳಿಬಿಡಬಹುದಿತ್ತು. ಮತ್ತೆ ತಟ್ಟಲು ಕೈಯೆತ್ತಿದೆ. ಅವಳು ಇನ್ನೊಮ್ಮೆ ಶುರುಮಾಡಿದಳು. ಹೊರಗಿನ ಮಗಳು, ಒಲೆಯ ಅನ್ನ, ಕಿಟಕಿಯ ಧೂಳು ಯಾವುದೂ ಬೇಡವಾಗಿದ್ದ ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸಂಕಟವಾಯಿತು. ಚೀಲವನ್ನು ಬೆನ್ನಿನಿಂದ ಇಳಿಸಿ ಮೆಟ್ಟಿಲ ಮೇಲೆ ಕೂತೆ. ಅವಳು ಆ ಸಾಲು ಮುಗಿಸುವ ತನಕ ಅಲ್ಲೇ ಕೂತಿದ್ದೆ.